ಪರದೆಯಿಲ್ಲದ ಸ್ಮಾಲ್‌ಟಾಕ್: ಫಾರೋ ಇಮೇಜನ್ನು ಹಿನ್ನೆಲೆಯ ಸರ್ವರ್ ಆಗಿ ನಡೆಸುವುದು

ಬಹುತೇಕ ಭಾಷೆಗಳಲ್ಲಿ ಪ್ರೋಗ್ರಾಮ್ ಎಂದರೆ ಡಿಸ್ಕಿನ ಮೇಲಿರುವ ಕಡತಗಳು. ಅವು ಓಡುವಾಗ ಮೆಮೊರಿಯಲ್ಲಿ ಹುಟ್ಟಿದ್ದೆಲ್ಲ ನಿಂತಾಗ ಅಳಿದುಹೋಗುತ್ತದೆ. ಸ್ಮಾಲ್‌ಟಾಕ್‌ನಲ್ಲಿ ಹಾಗಲ್ಲ. 1970ರ ದಶಕದಲ್ಲಿ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಅಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರ ಕೈಯಲ್ಲಿ ರೂಪುಗೊಂಡ ಕಾಲದಿಂದಲೂ ಅದು, ಒಬ್ಬ ಮನುಷ್ಯ ಪರದೆಯ ಮುಂದೆ ಕುಳಿತಿದ್ದಾನೆ ಎಂಬ ನಂಬಿಕೆಯ ಮೇಲೆಯೇ ಕಟ್ಟಿದ ವ್ಯವಸ್ಥೆ. ಕ್ಲಾಸುಗಳು, ಮೆಥಡ್‌ಗಳು, ತೆರೆದಿಟ್ಟ ಕಿಟಕಿಗಳು, ಅರ್ಧಕ್ಕೆ ನಿಂತ ಪ್ರೋಸೆಸ್‌ಗಳು ಎಲ್ಲವೂ ಒಂದೇ ಆಬ್ಜೆಕ್ಟ್ ಮೆಮೊರಿಯಲ್ಲಿರುತ್ತವೆ. ಅದನ್ನು ಇದ್ದ ಹಾಗೆಯೇ ಡಿಸ್ಕಿಗೆ ಇಳಿಸಿದರೆ ಸಿಗುವ ಕಡತವೇ ಇಮೇಜ್. ದೋಷ ಎದುರಾದರೆ ಡಿಬಗ್ಗರ್ ಕಿಟಕಿ ತೆರೆದುಕೊಳ್ಳುತ್ತದೆ, ಮನುಷ್ಯ ನೋಡಿ ಸರಿಪಡಿಸಿ ಅಲ್ಲಿಂದಲೇ ಮುಂದುವರಿಸುತ್ತಾನೆ. ಕೆಲಸ ಮುಗಿದ ಮೇಲೆ ಉಳಿಸುವವನೂ ಅವನೇ, ಮುಚ್ಚುವವನೂ ಅವನೇ. ಇಂಥ ವ್ಯವಸ್ಥೆಯನ್ನು ಪರದೆಯೂ ಇಲ್ಲದ, ಎದುರಿಗೆ ಯಾರೂ ಇಲ್ಲದ ಲಿನಕ್ಸ್ ಯಂತ್ರದಲ್ಲಿ ತಿಂಗಳುಗಟ್ಟಲೆ ಓಡಿಸಬೇಕೆಂದರೆ, ಆ ಮನುಷ್ಯ ಮಾಡುತ್ತಿದ್ದ ಒಂದೊಂದು ಕೆಲಸವನ್ನೂ ಇನ್ನಾರಿಗಾದರೂ ವಹಿಸಬೇಕಾಗುತ್ತದೆ. ಯಾವುದನ್ನು ಯಾರಿಗೆ ವಹಿಸಿದ್ದೇನೆ, ಏಕೆ ಹಾಗೆ ವಹಿಸಿದ್ದೇನೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ನಡೆಸುತ್ತಿರುವುದು ದೊಡ್ಡ ವ್ಯವಸ್ಥೆಯೇನಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತದಲ್ಲಿ ಉಳಿದುಹೋಗಿರುವ ಕನ್ನಡ ಪಠ್ಯವನ್ನು ಯೂನಿಕೋಡಿಗೆ ಬದಲಿಸಿ ಕೊಡುವ ಒಂದು ಸಣ್ಣ ಎಚ್‌ಟಿಟಿಪಿ ಸೇವೆ. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ತನ್ನ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರವೂ ಹಲಂತವೂ ಆ ಅಕ್ಷರಕ್ಕಿಂತ ಮೊದಲೇ ಬರಬೇಕು. ಇಂಥ ಹಿಂದುಮುಂದಾಗುವ ನಿಯಮಗಳನ್ನು ಇನ್‌ಸ್ಪೆಕ್ಟರ್‌ನಲ್ಲಿ ಬಿಡಿಸಿ ನೋಡುತ್ತ, ನಡೆಯುತ್ತಿರುವ ಪ್ರೋಗ್ರಾಮನ್ನು ತಿದ್ದುತ್ತ ಬರೆಯುವುದಕ್ಕೆ ಸ್ಮಾಲ್‌ಟಾಕ್‌ನಷ್ಟು ಒಗ್ಗುವ ಭಾಷೆ ನನಗೆ ಬೇರೆ ಸಿಕ್ಕಿಲ್ಲ. 2008ರಲ್ಲಿ ಸ್ಕ್ವೀಕ್ ಎಂಬ ಸ್ಮಾಲ್‌ಟಾಕ್‌ನಿಂದ ಕವಲೊಡೆದ ಫಾರೋ ಇದಕ್ಕೆ ಆಧಾರ. ವೆಬ್ ಭಾಗವನ್ನು ಫಾರೋ ಜೊತೆಯಲ್ಲೇ ಬರುವ ಝಿಂಕ್ ನೋಡಿಕೊಳ್ಳುತ್ತದೆ. ಪ್ರಸಂಗವಶಾತ್ ಒಂದು ಮಾತು: ಫಾರೋದಲ್ಲಿ ಸ್ಟ್ರಿಂಗ್ ಒಂದಕ್ಕೆ 255ಕ್ಕಿಂತ ಮೇಲಿನ ಸಂಕೇತದ ಒಂದೇ ಒಂದು ಅಕ್ಷರ ಸೇರಿದರೂ ಅದು ವೈಡ್‌ಸ್ಟ್ರಿಂಗ್ ಆಗಿಬಿಡುತ್ತದೆ, ಆಗ ಪ್ರತಿ ಕೋಡ್‌ಪಾಯಿಂಟಿಗೂ ನಾಲ್ಕು ಬೈಟ್ ಬೇಕು. ಕನ್ನಡ ಪಠ್ಯವೆಲ್ಲ ಈ ಗುಂಪಿಗೇ ಸೇರುವುದರಿಂದ ಇಡೀ ಪುಸ್ತಕವನ್ನು ಒಂದೇ ಸಲಕ್ಕೆ ಮೆಮೊರಿಗೆ ಎಳೆದುಕೊಳ್ಳುವ ಮೊದಲು, ಎಷ್ಟು ಜಾಗ ಹಿಡಿಯುತ್ತದೆಂದು ಲೆಕ್ಕ ಹಾಕುವುದು ಒಳ್ಳೆಯದು.

ಪರದೆಯಿಲ್ಲದೆ ಓಡಿಸುವುದು ಈಗ ಕಷ್ಟದ ಕೆಲಸವಲ್ಲ, ಹಿಂದೆ ಹಾಗಿರಲಿಲ್ಲ. ಹಳೆಯ ಸ್ಕ್ವೀಕ್ ವರ್ಚುಯಲ್ ಮಷೀನಿಗೆ (ಇಮೇಜನ್ನು ಓಡಿಸುವ ಪ್ರೋಗ್ರಾಮ್, ಚಿಕ್ಕದಾಗಿ ವಿಎಂ) ಪರದೆಯ ಡ್ರೈವರ್ ಬದಲು ಖಾಲಿ ಡ್ರೈವರೊಂದನ್ನು ಹಚ್ಚಿ ಕಳುಹಿಸಬೇಕಿತ್ತು. 64 ಬಿಟ್‌ನ ಸರ್ವರಿನಲ್ಲಿ 32 ಬಿಟ್ ಲೈಬ್ರರಿಗಳನ್ನು ಹುಡುಕಿ ಹಾಕಿಕೊಳ್ಳುವ ತಾಪತ್ರಯವೂ ಜೊತೆಗಿತ್ತು. 2021ರಲ್ಲಿ ಬಂದ ಫಾರೋ 9ರಿಂದ ಈ ಸಂಬಂಧ ತಿರುವುಮುರುವಾಗಿದೆ: ವಿಎಂ ಮೂಲತಃ ಪರದೆಯಿಲ್ಲದ್ದು, ಕಿಟಕಿ ಬೇಕೆಂದರೆ ಇಮೇಜೇ ಎಸ್‌ಡಿಎಲ್ ಲೈಬ್ರರಿಯ ಮೂಲಕ ಅದನ್ನು ತೆರೆಯುತ್ತದೆ. ಆದ್ದರಿಂದ ಪರದೆ ಹೇಗೆ ತಪ್ಪಿಸುವುದು ಎಂಬ ಪ್ರಶ್ನೆಗಿಂತ, ಪರದೆಯ ಮುಂದಿದ್ದವನು ಹೋದ ಮೇಲೆ ಉಳಿಯುವ ಪ್ರಶ್ನೆಗಳೇ ಈಗ ಮುಖ್ಯ.

ಅವುಗಳಲ್ಲಿ ಮೊದಲನೆಯದು: ಸರ್ವರಿನಲ್ಲಿ ಓಡಬೇಕಾದ ಇಮೇಜ್ ಎಲ್ಲಿಂದ ಬರಬೇಕು? ಸ್ಮಾಲ್‌ಟಾಕ್ ಬಳಸುವವರ ಹಳೆಯ ರೂಢಿಯಂತೆ, ತಾನು ಕೆಲಸ ಮಾಡುತ್ತಿದ್ದ ಇಮೇಜನ್ನೇ ಉಳಿಸಿ, ಹಾಗೆಯೇ ಸರ್ವರಿಗೆ ಕಳುಹಿಸಿ ಓಡಿಸುವುದು ಅತ್ಯಂತ ಸುಲಭ. ಅದು ನಡೆಯುತ್ತದೆ ಕೂಡ. ಆದರೆ ಉಳಿಸಿದ ಇಮೇಜಿನಲ್ಲಿ ಕೋಡ್ ಮಾತ್ರ ಇರುವುದಿಲ್ಲ. ಆ ಹೊತ್ತಿನಲ್ಲಿ ಓಡುತ್ತಿದ್ದ ಎಲ್ಲ ಒಳ ಪ್ರೋಸೆಸ್‌ಗಳೂ ಅಲ್ಲಿರುತ್ತವೆ, ಮತ್ತೆ ತೆರೆದಾಗ ಅವು ನಿಂತಲ್ಲಿಂದಲೇ ಮುಂದುವರಿಯುತ್ತವೆ. ಪ್ರಯೋಗಕ್ಕೆಂದು ಎಂದೋ ಹುಟ್ಟುಹಾಕಿ ಮರೆತ ಟೈಮರ್, ವರ್ಕ್‌ಸ್ಪೇಸಿನ ವೇರಿಯಬಲ್ ಹಿಡಿದುಕೊಂಡಿರುವ ಬೃಹತ್ ಅರೇ, ಯಾವುದೋ ಕ್ಲಾಸ್ ವೇರಿಯಬಲ್‌ನಲ್ಲಿ ಉಳಿದ ಪರೀಕ್ಷೆಯ ಪಾಸ್‌ವರ್ಡ್, ಎಲ್ಲವೂ ಸರ್ವರಿಗೆ ಪ್ರಯಾಣ ಬೆಳೆಸುತ್ತವೆ. ಸಾಕೆಟ್ ಮತ್ತು ಫೈಲ್ ಹ್ಯಾಂಡಲ್‌ಗಳ ಕಥೆ ಇದಕ್ಕೆ ವಿರುದ್ಧ: ಅವು ಆಪರೇಟಿಂಗ್ ಸಿಸ್ಟಮಿಗೆ ಸೇರಿದವಾದ್ದರಿಂದ ಆಬ್ಜೆಕ್ಟ್ ಉಳಿದಿದ್ದರೂ ಅದರ ಹಿಂದಿನ ಸಂಪರ್ಕ ಸತ್ತಿರುತ್ತದೆ. ಇದಕ್ಕಾಗಿಯೇ ಇಮೇಜ್ ಏಳುವಾಗ ಮತ್ತು ಮಲಗುವಾಗ ಕರೆಯಬೇಕಾದ ಕ್ಲಾಸುಗಳನ್ನು ನೋಂದಾಯಿಸುವ ಸೆಷನ್ ಮ್ಯಾನೇಜರ್ ಫಾರೋದಲ್ಲಿದೆ. ಝಿಂಕ್ ಸರ್ವರ್ ಕೂಡ ಅದನ್ನೇ ನೆಚ್ಚಿಕೊಂಡು, ಉಳಿಸುವಾಗ ನಿಂತು, ತೆರೆದಾಗ ಮತ್ತೆ ಪೋರ್ಟ್ ಹಿಡಿಯಬಲ್ಲದು. ಅನುಕೂಲವೇ ಸರಿ, ಆದರೆ ಅದೇ ಇಮೇಜನ್ನು ಪರಿಶೀಲಿಸಲೆಂದು ಲ್ಯಾಪ್‌ಟಾಪಿನಲ್ಲಿ ತೆರೆದವನ ಅರಿವಿಗೇ ಬಾರದಂತೆ ಅಲ್ಲಿಯೂ ಒಂದು ಸರ್ವರ್ ಶುರುವಾಗಿರುತ್ತದೆ.

ಹೀಗಾಗಿ ನನ್ನ ನಿಲುವು ಸ್ಪಷ್ಟ: ಸರ್ವರಿನ ಇಮೇಜ್ ಕಟ್ಟಿ ತೆಗೆದ ವಸ್ತುವಾಗಿರಬೇಕು, ಸಾಕಿ ಬೆಳೆಸಿದ ವಸ್ತುವಾಗಿರಬಾರದು. ಕೋಡ್ ಪೂರ್ತಿ ಗಿಟ್‌ನಲ್ಲಿ, ಟೋನೆಲ್ ಸ್ವರೂಪದ ಕಡತಗಳಲ್ಲಿ ಇರುತ್ತದೆ. ಫಾರೋ ತಾಣದಿಂದ ಇಳಿಸಿಕೊಂಡ ಹೊಚ್ಚ ಹೊಸ ಇಮೇಜಿಗೆ ಆದೇಶ ಸಾಲಿನಿಂದಲೇ ಮೆಟಾಸೆಲ್ಲೊ ಎಂಬ ಪ್ಯಾಕೇಜ್ ಸಾಧನದ ಮೂಲಕ ನನ್ನ ಬೇಸ್‌ಲೈನ್ (ಬೇಕಾದ ಪ್ಯಾಕೇಜುಗಳ ಪಟ್ಟಿ) ತುಂಬಿಸಿ, ಪರೀಕ್ಷೆಗಳನ್ನು ಓಡಿಸಿ, ಹೊಸ ಹೆಸರಿನಲ್ಲಿ ಉಳಿಸುವ ಒಂದು ಶೆಲ್ ಸ್ಕ್ರಿಪ್ಟ್ ಇದೆ. ಸರ್ವರಿಗೆ ಹೋಗುವುದು ಅದರಿಂದ ಹುಟ್ಟಿದ ಇಮೇಜ್ ಮಾತ್ರ. ಸರ್ವರ್ ಶುರುಮಾಡುವ ಸಾಲು ಆ ಇಮೇಜಿನೊಳಗೆ ಇರುವುದಿಲ್ಲ. ಪೋರ್ಟ್ ಸಂಖ್ಯೆ, ಡೇಟಾಬೇಸ್ ವಿಳಾಸ ಮುಂತಾದವನ್ನು ಪರಿಸರ ವೇರಿಯಬಲ್‌ಗಳಿಂದ ಓದಿಕೊಂಡು ಝಿಂಕ್ ಅನ್ನು ಎಬ್ಬಿಸುವ ಪುಟ್ಟ ಸ್ಕ್ರಿಪ್ಟ್ ಹೊರಗಿರುತ್ತದೆ. ಓಡುತ್ತಿರುವ ಇಮೇಜನ್ನು ಸರ್ವರಿನಲ್ಲಿ ಎಂದೂ ಉಳಿಸುವುದಿಲ್ಲ. ಬಳಕೆದಾರರ ದತ್ತಾಂಶ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದೆ. ಇಮೇಜ್ ಯಾವ ಕ್ಷಣದಲ್ಲಿ ಸತ್ತರೂ ಕಳೆದುಹೋಗುವುದು ಆ ಗಳಿಗೆಯಲ್ಲಿ ನಡೆಯುತ್ತಿದ್ದ ಕೋರಿಕೆಗಳಷ್ಟೆ.

ಇದಕ್ಕೆ ಪ್ರತಿವಾದ ಇಲ್ಲವೆಂದಲ್ಲ, ಅದು ಹಗುರವಾದ ಪ್ರತಿವಾದವೂ ಅಲ್ಲ. ಸೀಸೈಡ್ ಎಂಬ ಸ್ಮಾಲ್‌ಟಾಕ್ ವೆಬ್ ಚೌಕಟ್ಟನ್ನು ಜೂಲಿಯನ್ ಫಿಟ್ಜೆಲ್ ಜೊತೆಗೂಡಿ ಕಟ್ಟಿದ ಅವಿ ಬ್ರಯಂಟ್, ಮುಂದೆ ಡ್ಯಾಬಲ್ ಡಿಬಿ ಎಂಬ ವೆಬ್ ಸೇವೆಯನ್ನು ಸ್ಕ್ವೀಕ್‌ನಲ್ಲಿ ನಡೆಸಿದಾಗ, ಒಬ್ಬೊಬ್ಬ ಗ್ರಾಹಕನಿಗೂ ಪ್ರತ್ಯೇಕ ಇಮೇಜ್ ಕೊಟ್ಟು, ದತ್ತಾಂಶವನ್ನು ಆ ಇಮೇಜಿನಲ್ಲಿಯೇ ಇಡುವ ದಾರಿ ಹಿಡಿದಿದ್ದರು. 2010ರಲ್ಲಿ ಆ ಸಂಸ್ಥೆಯನ್ನು ಟ್ವಿಟರ್ ಕೊಂಡುಕೊಂಡಿತು. ಅಂದರೆ ಇಮೇಜನ್ನೇ ಭಂಡಾರವಾಗಿ ಬಳಸುವುದು ಹುಚ್ಚು ಸಾಹಸವಲ್ಲ. ಆದರೆ ಅಲ್ಲಿ ಆ ಆಯ್ಕೆಯ ಸುತ್ತ ಇಡೀ ವಿನ್ಯಾಸವೇ ನಿಂತಿತ್ತು. ಒಬ್ಬನೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುವ ಸೇವೆಗೆ ಅಷ್ಟು ನಾಜೂಕಿನ ವ್ಯವಸ್ಥೆ ಬೇಡವೆಂಬುದು ನನ್ನ ಅಭಿಪ್ರಾಯ. ಆಬ್ಜೆಕ್ಟ್‌ಗಳನ್ನೇ ಶಾಶ್ವತವಾಗಿ ಇಡಬೇಕೆಂಬ ಹಟವಿದ್ದವರು ಜೆಮ್‌ಸ್ಟೋನ್ ನೋಡಬಹುದು. ಅದು ಹುಟ್ಟಿನಿಂದಲೇ ಪರದೆಯಿಲ್ಲದ, ಹಲವು ಪ್ರೋಸೆಸ್‌ಗಳು ಒಂದೇ ಆಬ್ಜೆಕ್ಟ್ ಭಂಡಾರವನ್ನು ವಹಿವಾಟಿನ (ಟ್ರಾನ್ಸಾಕ್ಷನ್) ಶಿಸ್ತಿನಿಂದ ಹಂಚಿಕೊಳ್ಳುವ ಸ್ಮಾಲ್‌ಟಾಕ್.

ಇಮೇಜ್ ಸಿದ್ಧವಾದ ಮೇಲೆ ಅದನ್ನು ಎಬ್ಬಿಸಿ ಕಾಯುವವರು ಯಾರು? ಹಿಂದೆ ನೋಹಪ್, ಸ್ಕ್ರೀನ್, ಕೈಯಿಂದ ಬರೆದ ಇನಿಟ್ ಸ್ಕ್ರಿಪ್ಟ್, ಡೇಮನ್‌ಟೂಲ್ಸ್, ಮಾನಿಟ್ ಎಲ್ಲವೂ ಬಳಕೆಯಲ್ಲಿದ್ದವು. ಇಂದು ಲಿನಕ್ಸ್ ಸರ್ವರಿನಲ್ಲಿ, ಸೇವೆಗಳನ್ನು ಶುರುಮಾಡಿ ಕಾಯುವ ಸಿಸ್ಟಮ್‌ಡಿ ಇದ್ದೇ ಇರುವಾಗ ಬೇರೆಯದನ್ನು ಹುಡುಕುವ ಅಗತ್ಯ ನನಗೆ ಕಂಡಿಲ್ಲ. ಇಮೇಜ್ ತನ್ನನ್ನು ತಾನೇ ಹಿನ್ನೆಲೆಗೆ ತಳ್ಳಿಕೊಳ್ಳುವ ಕಸರತ್ತು ಬೇಕಿಲ್ಲ. ಅದು ಮುನ್ನೆಲೆಯ ಪ್ರೋಸೆಸ್ಸಿನಂತೆಯೇ ಓಡಲಿ, ಹಿನ್ನೆಲೆಯ ವಿಚಾರವನ್ನು ಸಿಸ್ಟಮ್‌ಡಿ ನೋಡಿಕೊಳ್ಳುತ್ತದೆ. ಸೇವೆಯನ್ನು ಸಿಸ್ಟಮ್‌ಡಿಗೆ ವಿವರಿಸುವ ಯೂನಿಟ್ ಕಡತದಲ್ಲಿ ಸೇವೆಯ ಬಗೆ 'ಸಿಂಪಲ್'. ಓಡಿಸುವ ಸಾಲಿನಲ್ಲಿ ಸುತ್ತು ಶೆಲ್ ಸ್ಕ್ರಿಪ್ಟ್ ಬದಲು ನೇರವಾಗಿ ವಿಎಂ ಕಡತದ ಪೂರ್ಣ ಮಾರ್ಗ. ಅದರ ಮುಂದೆ ಇಮೇಜ್, ಬಳಕೆದಾರನ ಆದ್ಯತೆಗಳ ಸ್ಕ್ರಿಪ್ಟ್‌ಗಳನ್ನು ಓದಬೇಡವೆಂಬ ಆಯ್ಕೆ, ಕೊನೆಗೆ ಶುರು ಸ್ಕ್ರಿಪ್ಟ್. ಆದೇಶ ಸಾಲಿನಿಂದ ಕೊಟ್ಟ ತುಣುಕು ಮುಗಿದೊಡನೆ ಇಮೇಜ್ ತಾನೂ ಮುಗಿಯುವುದು ಫಾರೋದ ಸಹಜ ನಡೆ. ಸರ್ವರ್ ಒಳ ಪ್ರೋಸೆಸ್ ಆಗಿ ಓಡುವುದರಿಂದ ಸ್ಕ್ರಿಪ್ಟ್ ಕ್ಷಣಾರ್ಧದಲ್ಲಿ ಮುಗಿದುಬಿಡುತ್ತದೆ. ಆದ್ದರಿಂದ 'ನೋ ಕ್ವಿಟ್' ಎಂಬ ಆಯ್ಕೆ ಇಲ್ಲದಿದ್ದರೆ ಸೇವೆ ಯಾವ ದೋಷವನ್ನೂ ತೋರಿಸದೆ, ಎಲ್ಲ ಸರಿಯಿದೆ ಎಂದು ಸೂಚಿಸುವ ಸೊನ್ನೆ ಸಂಕೇತದೊಂದಿಗೆ ನಿಂತುಹೋಗುತ್ತದೆ.

ಈ ಘಟ್ಟದಲ್ಲಿ ಹೊಸಬರನ್ನು ಗಲಿಬಿಲಿಗೊಳಿಸುವ ಒಂದು ಸೂಕ್ಷ್ಮವಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಲಿನಕ್ಸಿನ ಹಲವು ಸ್ಕ್ವೀಕ್, ಫಾರೋ ವಿಎಂಗಳಲ್ಲಿ ಹಾರ್ಟ್‌ಬೀಟ್ ಎಂಬ ಪ್ರತ್ಯೇಕ ಥ್ರೆಡ್ ಇರುತ್ತದೆ. ಒಳಗಿನ ಗಡಿಯಾರವನ್ನು ಮುಂದಕ್ಕೆ ತಳ್ಳುವುದು, ಹೊರಗಿನ ಘಟನೆಗಳನ್ನು ನೋಡಿಕೊಳ್ಳುವಂತೆ ಇಂಟರ್‌ಪ್ರಿಟರ್‌ಗೆ ಆಗಾಗ ನೆನಪಿಸುವುದು ಅದರ ಕೆಲಸ. ಅದಕ್ಕಾಗಿ ಅದು ಮುಖ್ಯ ಥ್ರೆಡ್‌ಗಿಂತ ಹೆಚ್ಚಿನ ಆದ್ಯತೆ ಕೇಳುತ್ತದೆ. ಸಾಮಾನ್ಯ ಬಳಕೆದಾರನಿಗೆ ರಿಯಲ್‌ಟೈಮ್ ಆದ್ಯತೆ ಪಡೆಯುವ ಅನುಮತಿ ಇಲ್ಲದಿರುವುದರಿಂದ, ವಿಎಂ ಶುರುವಾಗುವಾಗಲೇ ಆದ್ಯತೆ ಬದಲಿಸಲಾಗಲಿಲ್ಲವೆಂಬ ಉದ್ದನೆಯ ಎಚ್ಚರಿಕೆಯನ್ನು ಮುದ್ರಿಸುತ್ತದೆ. ಆ ಎಚ್ಚರಿಕೆಯಲ್ಲೇ ಪರಿಹಾರವೂ ಇದೆ: ಸೆಕ್ಯುರಿಟಿ ಲಿಮಿಟ್ಸ್ ಕಡತಕೋಶದಲ್ಲಿ ಆರ್‌ಟಿಪ್ರಯೋ ಮಿತಿಯನ್ನು 2 ಎಂದು ಬರೆಯುವುದು. ಬರೆದು, ಮತ್ತೆ ಲಾಗಿನ್ ಆಗಿ ಕೈಯಿಂದ ಓಡಿಸಿದರೆ ಎಚ್ಚರಿಕೆ ಮಾಯ. ಅದೇ ವಿಎಂ ಅನ್ನು ಸಿಸ್ಟಮ್‌ಡಿ ಮೂಲಕ ಓಡಿಸಿದರೆ ಎಚ್ಚರಿಕೆ ಮತ್ತೆ ಹಾಜರು. ಕಾರಣ ಸರಳ: ಆ ಲಿಮಿಟ್ಸ್ ಕಡತಗಳನ್ನು ಜಾರಿಗೆ ತರುವುದು ಪ್ಯಾಮ್, ಅಂದರೆ ಲಾಗಿನ್ ವ್ಯವಸ್ಥೆ, ಸಿಸ್ಟಮ್‌ಡಿ ಸೇವೆ ಲಾಗಿನ್ ದಾರಿಯಲ್ಲಿ ಬರುವುದೇ ಇಲ್ಲ. ಯೂನಿಟ್ ಕಡತದಲ್ಲಿಯೇ 'ಲಿಮಿಟ್ ಆರ್‌ಟಿಪ್ರಯೋ' ಎಂಬ ಸಾಲನ್ನು 2 ಎಂಬ ಬೆಲೆಯೊಂದಿಗೆ ಸೇರಿಸಿದರೆ ವಿಷಯ ಇತ್ಯರ್ಥ. ಈ ಎಚ್ಚರಿಕೆಯನ್ನು ಕಡೆಗಣಿಸಿದರೂ ಸರ್ವರ್ ಓಡುತ್ತದೆ, ಆದರೆ ಯಂತ್ರದ ಮೇಲೆ ಹೊರೆ ಬಿದ್ದಾಗ ಟೈಮರ್‌ಗಳು ತಡವಾಗುವ ಸಂಭವವಿದೆ.

ಮರುಚಾಲನೆಯ ನಿಯಮವನ್ನು 'ಆನ್ ಫೇಲ್ಯೂರ್' ಎಂದಿಡುವವರು ಹೆಚ್ಚು. ನಾನು 'ಆಲ್ವೇಸ್' ಎಂದಿಟ್ಟಿದ್ದೇನೆ, ಏಕೆಂದರೆ ಸ್ಮಾಲ್‌ಟಾಕ್ ಇಮೇಜ್ ಸೊನ್ನೆ ಸಂಕೇತದೊಂದಿಗೆ ಮುಗಿಯುವ ದಾರಿಗಳು ಹಲವಿವೆ, ಅವುಗಳಲ್ಲಿ ಯಾವುದೂ ಸರ್ವರಿಗೆ ಸಹಜವಲ್ಲ. ನಾನಾಗಿ ನಿಲ್ಲಿಸು ಎಂದರೆ ಮಾತ್ರ ನಿಲ್ಲಬೇಕು, ಸಿಸ್ಟಮ್‌ಡಿ ಆ ವ್ಯತ್ಯಾಸವನ್ನು ತಾನೇ ಅರಿಯುತ್ತದೆ. ಒಂದು ಎಚ್ಚರ ಬೇಕು: ಸಹಜ ಸ್ಥಿತಿಯಲ್ಲಿ ಸಿಸ್ಟಮ್‌ಡಿ ಕೇವಲ 100 ಮಿಲಿಸೆಕೆಂಡ್ ಕಾದು ಮರುಚಾಲನೆ ಮಾಡುತ್ತದೆ, 10 ಸೆಕೆಂಡಿನಲ್ಲಿ 5 ಸಲಕ್ಕಿಂತ ಹೆಚ್ಚು ಶುರುಮಾಡಬೇಕಾಗಿ ಬಂದರೆ ಪ್ರಯತ್ನವನ್ನೇ ಕೈಬಿಡುತ್ತದೆ. ಡೇಟಾಬೇಸ್ ಇನ್ನೂ ಏಳದಿರುವಾಗ ಶುರು ಸ್ಕ್ರಿಪ್ಟ್ ಬಿದ್ದುಹೋಗುವಂತಿದ್ದರೆ, ಫಾರೋ ಏಳುವ ವೇಗಕ್ಕೆ ಈ ಮಿತಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ತುಂಬಿಬಿಡುತ್ತದೆ. ಮರುಚಾಲನೆಯ ನಡುವೆ ಕೆಲವು ಸೆಕೆಂಡುಗಳ ಬಿಡುವು ಕೊಟ್ಟರೆ ಸಾಕು.

ಇನ್ನು ಲಾಗ್. ಮನುಷ್ಯ ಟ್ರಾನ್ಸ್‌ಕ್ರಿಪ್ಟ್ ಕಿಟಕಿಯಲ್ಲಿ ನೋಡುತ್ತಿದ್ದುದನ್ನು ಸರ್ವರಿನಲ್ಲಿ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಹರಿಸಬೇಕು. ಅಲ್ಲಿಂದ ಮುಂದಿನದು ಸಿಸ್ಟಮ್‌ಡಿಯ ಲಾಗ್ ಸಂಗ್ರಾಹಕ ಜರ್ನಲ್‌ಡಿ ಪಾಲಿಗೆ. ಫಾರೋದಲ್ಲಿ ಇದಕ್ಕೆಂದೇ ನಾನ್‌ಇಂಟರಾಕ್ಟಿವ್ ಟ್ರಾನ್ಸ್‌ಕ್ರಿಪ್ಟ್ ಎಂಬ ಕ್ಲಾಸ್ ಇದೆ. ಆದರೆ ತನ್ನದೇ ಲಾಗ್ ಕ್ಲಾಸ್ ಬರೆದು ನೇರವಾಗಿ ಔಟ್‌ಪುಟ್ ಸ್ಟ್ರೀಮಿಗೆ ಬರೆಯುವವರಿಗೆ ಜರ್ನಲ್ ತೆರೆದಾಗ ಒಂದು ವಿಚಿತ್ರ ಕಾಣುತ್ತದೆ: ಸಂದೇಶವಿರಬೇಕಾದ ಜಾಗದಲ್ಲಿ ಚೌಕ ಆವರಣದೊಳಗೆ ಒಂದು ಸಂಖ್ಯೆ, ಅದರ ಪಕ್ಕ 'ಬ್ಲಾಬ್ ಡೇಟಾ' ಎಂಬ ಎರಡು ಪದ, ಅಷ್ಟೇ. ಸ್ಮಾಲ್‌ಟಾಕ್ ಪರಂಪರೆಯಲ್ಲಿ ಸಾಲಿನ ಅಂತ್ಯವನ್ನು ಸೂಚಿಸುವುದು ಸಿಆರ್, ಅಂದರೆ 13ನೇ ಸಂಕೇತ. ಯೂನಿಕ್ಸಿನಲ್ಲಿ ಎಲ್‌ಎಫ್, ಅಂದರೆ 10. ಜರ್ನಲ್‌ಡಿ 10 ಬರುವವರೆಗೆ ಎಲ್ಲವನ್ನೂ ಒಂದೇ ಸಾಲೆಂದು ಕೂಡಿಹಾಕುತ್ತದೆ, ನಡುವೆ ನುಸುಳಿದ 13ಅನ್ನು ಮುದ್ರಿಸಲಾಗದ ಅಕ್ಷರವೆಂದು ಬಗೆದು, ಅದನ್ನು ತೋರಿಸುವ ಸಾಧನ ಇಡೀ ಸಂದೇಶವನ್ನೇ ಮರೆಮಾಡುತ್ತದೆ. ಸಂದೇಶ ಕಳೆದಿರುವುದಿಲ್ಲ, ಎಲ್ಲವನ್ನೂ ತೋರಿಸು ಎಂಬ ಆಯ್ಕೆ ಕೊಟ್ಟರೆ ಕಾಣುತ್ತದೆ. ಲಾಗ್ ಬರೆಯುವಲ್ಲಿ ಸಿಆರ್ ಬದಲು ಎಲ್‌ಎಫ್ ಕಳುಹಿಸುವುದೇ ನೇರವಾದ ಪರಿಹಾರ. ದೋಷವೊಂದರ ಸ್ಟ್ಯಾಕ್ (ಯಾವ ಮೆಥಡ್ ಯಾವುದನ್ನು ಕರೆದಿತ್ತೆಂಬ ಸರಣಿ) ಅನ್ನು ಸ್ಟ್ರಿಂಗ್ ಮಾಡಿ ಮುದ್ರಿಸುವಾಗ ಅದರೊಳಗೂ ಸಿಆರ್‌ಗಳಿರುತ್ತವೆ ಎಂಬುದನ್ನು ಮರೆಯಬಾರದು. ನಾವು ಬರೆದ ಸಾಲುಗಳೆಲ್ಲ ಸರಿಯಾಗಿ ಕಂಡು, ಅತ್ಯಂತ ಬೇಕಾದ ಸ್ಟ್ಯಾಕ್ ಮಾತ್ರ ಕಾಣದಿರುವುದು ಇದರಿಂದಲೇ.

ದೋಷಗಳ ವಿಷಯಕ್ಕೆ ಬಂದರೆ, ಪರದೆಯಿಲ್ಲದ ಇಮೇಜಿನಲ್ಲಿ ಡಿಬಗ್ಗರ್ ತೆರೆಯಲು ಜಾಗವಿಲ್ಲ. ಹಳೆಯ ಸ್ಕ್ವೀಕ್ ಇಮೇಜ್‌ಗಳಲ್ಲಿ ಅದು ಯಾರಿಗೂ ಕಾಣದ ಪರದೆಯ ಮೇಲೆಯೇ ಕಿಟಕಿ ತೆರೆದು, ಆ ಪ್ರೋಸೆಸ್ಸನ್ನು ಅಮಾನತಿನಲ್ಲಿಟ್ಟು, ಯಾರಾದರೂ ಬಂದು ಗುಂಡಿ ಒತ್ತಲೆಂದು ಕಾಯುತ್ತ ಕೂರುತ್ತಿತ್ತು. ಹಾಗೆ ಕುಳಿತ ಒಂದೊಂದು ಡಿಬಗ್ಗರೂ ತನ್ನ ಇಡೀ ಸ್ಟ್ಯಾಕನ್ನು ಮೆಮೊರಿಯಲ್ಲಿ ಹಿಡಿದುಕೊಂಡಿರುತ್ತಿತ್ತು. ಫಾರೋ ಇದಕ್ಕಿಂತ ವಿವೇಕಿ, ಪರದೆಯಿಲ್ಲದಾಗ ಸ್ಟ್ಯಾಕನ್ನು ಎರರ್ ಸ್ಟ್ರೀಮಿಗೆ ಮುದ್ರಿಸುತ್ತದೆ. ಝಿಂಕ್‌ನ ಡಿಬಗ್ ಮೋಡ್ ಆಫ್ ಮಾಡಿದ್ದರೆ, ಕೋರಿಕೆಯೊಂದನ್ನು ನಿರ್ವಹಿಸುವಾಗ ಹುಟ್ಟಿದ ದೋಷ, ಸರ್ವರಿನಲ್ಲಿ ತಪ್ಪಾಗಿದೆ ಎಂಬ 500ರ ಉತ್ತರವಾಗಿ ಬಳಕೆದಾರನಿಗೆ ಹೋಗುತ್ತದೆ, ಉಳಿದ ಕೋರಿಕೆಗಳಿಗೆ ತೊಂದರೆಯಿಲ್ಲ. ನಿಜವಾಗಿ ಕಾಯಬೇಕಾದದ್ದು ನಾವೇ 'ಫೋರ್ಕ್' ಸಂದೇಶ ಕಳುಹಿಸಿ ಹುಟ್ಟಿಸಿದ ಒಳ ಪ್ರೋಸೆಸ್‌ಗಳನ್ನು: ಹಳೆಯ ತಾತ್ಕಾಲಿಕ ಕಡತಗಳನ್ನು ಗುಡಿಸುವುದು, ಸರತಿಯಲ್ಲಿ ನಿಂತ ದೊಡ್ಡ ದಾಖಲೆಗಳನ್ನು ಪರಿವರ್ತಿಸುವುದು ಇತ್ಯಾದಿ. ಅವುಗಳಲ್ಲಿ ಹಿಡಿಯದೆ ಬಿಟ್ಟ ದೋಷ, ಆವೃತ್ತಿ ಮತ್ತು ಓಡಿಸುವ ವಿಧಾನವನ್ನು ಅನುಸರಿಸಿ, ಇಡೀ ಇಮೇಜನ್ನೇ ಕೆಡವಬಹುದು, ಇಲ್ಲವೇ ಆ ಒಂದು ಪ್ರೋಸೆಸ್ ಮಾತ್ರ ಸದ್ದಿಲ್ಲದೆ ನಿಂತು ಸೇವೆಯ ಅರ್ಧ ಭಾಗ ಕುಂಟಬಹುದು. ನನ್ನಲ್ಲಿ ಅಂಥ ಪ್ರತಿಯೊಂದು ಪ್ರೋಸೆಸ್ಸಿಗೂ ಒಂದು ಹೆಸರಿದೆ, ಅದರ ಹೊರಗಿನ ಆವರ್ತನೆಯಲ್ಲಿ ದೋಷ ಹಿಡಿದು, ಸ್ಟ್ಯಾಕ್ ಬರೆದು, ಮುಂದಿನ ಸುತ್ತಿಗೆ ಹೋಗುವ ಕೋಡ್ ಇದೆ. ಕೇವಲ ಸ್ಟ್ಯಾಕ್ ಸಾಲದೆನಿಸಿದರೆ ಫ್ಯೂಯೆಲ್ ಎಂಬ ಸೀರಿಯಲೈಸರ್ ಬಳಸಿ, ದೋಷ ಹುಟ್ಟಿದ ಸಂದರ್ಭವನ್ನೇ ಕಡತಕ್ಕೆ ಇಳಿಸಿ, ಲ್ಯಾಪ್‌ಟಾಪಿನ ಇಮೇಜಿನಲ್ಲಿ ಡಿಬಗ್ಗರ್ ಆಗಿ ತೆರೆಯುವ ಸಾಧ್ಯತೆಯೂ ಇದೆ. ಇಂಥ ಸೌಕರ್ಯ ನೋಡಿದಾಗ ಸ್ಮಾಲ್‌ಟಾಕ್ ಜೊತೆ ಪಡುವ ಪಾಡೆಲ್ಲ ಸಾರ್ಥಕ ಎನಿಸುತ್ತದೆ.

ಬಿದ್ದುಹೋಗುವ ಇಮೇಜಿಗಿಂತ ಹೆಚ್ಚು ಕಾಡುವುದು ಬೀಳದೆ, ಉತ್ತರಿಸಲೂ ಆಗದೆ ನಿಂತ ಇಮೇಜ್. ಫಾರೋದಲ್ಲಿ ಸ್ಮಾಲ್‌ಟಾಕ್ ಕೋಡ್ ಓಡುವುದು ಆಪರೇಟಿಂಗ್ ಸಿಸ್ಟಮಿನ ಒಂದೇ ಥ್ರೆಡ್‌ನಲ್ಲಿ. ಒಳಗಿನ ಪ್ರೋಸೆಸ್‌ಗಳಿಗೆ ವಿಎಂ ತಾನೇ ಸರದಿ ಹಂಚುತ್ತದೆ. ಆದ್ಯತೆಗಳು 10ರಿಂದ 80ರವರೆಗೆ, ಬಳಕೆದಾರನ ಕೆಲಸಕ್ಕೆ 40, ಹಿನ್ನೆಲೆಯ ಕೆಲಸಕ್ಕೆ 30. ಹೆಚ್ಚಿನ ಆದ್ಯತೆಯ ಪ್ರೋಸೆಸ್ ಕೆಳಗಿನದನ್ನು ಯಾವಾಗ ಬೇಕಾದರೂ ತಡೆದು ಮುನ್ನುಗ್ಗಬಲ್ಲದು. ಆದರೆ ಸಮಾನ ಆದ್ಯತೆಯವುಗಳ ನಡುವೆ ಕಾಲಹಂಚಿಕೆ ಇಲ್ಲ, ಒಂದು ತಾನಾಗಿ ಬಿಟ್ಟುಕೊಟ್ಟರೆ ಅಥವಾ ಕಾಯಲು ನಿಂತರೆ ಮಾತ್ರ ಇನ್ನೊಂದಕ್ಕೆ ಅವಕಾಶ. ಹೀಗಾಗಿ ಪರಿವರ್ತನೆಯ ನಿಯಮವೊಂದು ಕೊನೆಯಿಲ್ಲದ ಆವರ್ತನೆಗೆ ಬಿದ್ದರೆ ಅದೇ ಆದ್ಯತೆಯ, ಅದಕ್ಕಿಂತ ಕೆಳಗಿನ ಎಲ್ಲ ಪ್ರೋಸೆಸ್‌ಗಳೂ ಬಾಯಾರಿ ನಿಲ್ಲುತ್ತವೆ. ಸಿಸ್ಟಮ್‌ಡಿ ದೃಷ್ಟಿಯಲ್ಲಿ ಮಾತ್ರ ಸೇವೆ ಹಸಿರಾಗಿಯೇ ಇರುತ್ತದೆ, ಏಕೆಂದರೆ ಪ್ರೋಸೆಸ್ ಬದುಕಿದೆ, ಸಿಪಿಯು ತಿನ್ನುತ್ತಲೂ ಇದೆ.

ಇದಕ್ಕೆ ಎರಡು ಕಡೆಯಿಂದ ಕಟ್ಟು ಹಾಕಿದ್ದೇನೆ. ಒಳಗಡೆ, ಭಾರವಾದ ಪರಿವರ್ತನೆಗಳು 30ರ ಆದ್ಯತೆಯಲ್ಲಿ ಓಡುತ್ತವೆ, ಕೋರಿಕೆ ಸ್ವೀಕರಿಸುವ ಭಾಗ ಅದಕ್ಕಿಂತ ಮೇಲಿರುತ್ತದೆ, ಪ್ರತಿ ಪರಿವರ್ತನೆಗೂ ಕಾಲಮಿತಿಯಿದೆ. ಹೊರಗಡೆ, ಆರೋಗ್ಯ ವಿಚಾರಿಸುವ ಒಂದು ಪುಟವನ್ನು ಸಿಸ್ಟಮ್‌ಡಿ ಟೈಮರ್ ಆಗಾಗ ಕರ್ಲ್ ಎಂಬ ಆದೇಶ ಸಾಲಿನ ಸಾಧನದ ಮೂಲಕ ಕೇಳುತ್ತದೆ. ಆ ಪುಟ ಬರಿದೇ ಸರಿಯೆಂದು ಉತ್ತರಿಸದೆ, ಚಿಕ್ಕದೊಂದು ಪದವನ್ನು ಹಿನ್ನೆಲೆಯ ಸರತಿಯ ಮೂಲಕವೇ ಕಳುಹಿಸಿ, ಯೂನಿಕೋಡಿಗೆ ಬದಲಾಗಿ ಬಂದುದನ್ನು ಹೋಲಿಸಿ ನೋಡುತ್ತದೆ. ಉತ್ತರ ಬಾರದಿದ್ದರೆ ಮರುಚಾಲನೆ. ಆದರೆ ಕೊಲ್ಲುವ ಮೊದಲು ವಿಎಂ ಪ್ರೋಸೆಸ್ಸಿಗೆ ಯುಎಸ್‌ಆರ್1 ಸಿಗ್ನಲ್ ಕಳುಹಿಸಲಾಗುತ್ತದೆ. ಅದು ಬಂದರೆ ವಿಎಂ ತನ್ನೊಳಗಿನ ಎಲ್ಲ ಸ್ಮಾಲ್‌ಟಾಕ್ ಪ್ರೋಸೆಸ್‌ಗಳ ಸ್ಟ್ಯಾಕನ್ನೂ ಬರೆದಿಡುತ್ತದೆ. ಇಮೇಜ್ ಸ್ವತಃ ಸ್ಪಂದಿಸಲಾಗದ ಸ್ಥಿತಿಯಲ್ಲಿಯೂ ಇದು ಸಿಗುವುದರಿಂದ, ಯಾವ ಮೆಥಡ್‌ನಲ್ಲಿ ಗಿರಕಿ ಹೊಡೆಯುತ್ತಿತ್ತೆಂಬುದು ಬೆಳಗ್ಗೆ ಲಾಗ್‌ನಲ್ಲಿ ಓದಲು ಲಭ್ಯ. ಇಷ್ಟು ಉಪಯುಕ್ತವಾದ ಸೌಲಭ್ಯದ ಬಗ್ಗೆ ಯಾರೂ ಹೆಚ್ಚು ಮಾತನಾಡದಿರುವುದು ಸೋಜಿಗ.

ನಿಲ್ಲಿಸುವುದಕ್ಕೂ ಒಂದು ಕ್ರಮ ಬೇಕು. ಸಿಸ್ಟಮ್‌ಡಿ ಮೊದಲು ನಿಲ್ಲು ಎಂದು ಕೇಳುವ ಟರ್ಮ್ ಸಿಗ್ನಲ್ ಕಳುಹಿಸುತ್ತದೆ, ಸಾಮಾನ್ಯವಾಗಿ 90 ಸೆಕೆಂಡ್ ಕಾಯುತ್ತದೆ, ಆಮೇಲೆ ಬಲವಂತವಾಗಿ ಮುಗಿಸುವ ಕಿಲ್. ಟರ್ಮ್ ಸಿಗ್ನಲ್ ತಾನಾಗಿಯೇ ಇಮೇಜಿನ ಒಳಗಿನ ಶಟ್‌ಡೌನ್ ಪಟ್ಟಿಯವರೆಗೆ ತಲುಪಿ, ಕ್ಲಾಸುಗಳೆಲ್ಲ ಅಚ್ಚುಕಟ್ಟಾಗಿ ಬಾಗಿಲು ಮುಚ್ಚುತ್ತವೆಂದು ನಂಬಿ ಕೂರಬಾರದು. ಸಿಗ್ನಲ್‌ಗಳನ್ನು ಸ್ಮಾಲ್‌ಟಾಕ್ ಸೆಮಾಫೋರ್‌ಗಳಿಗೆ (ಒಳ ಪ್ರೋಸೆಸ್‌ಗಳು ಸೂಚನೆಗಾಗಿ ಕಾದು ನಿಲ್ಲುವ ಆಬ್ಜೆಕ್ಟ್‌ಗಳು) ತಲುಪಿಸುವ ಓಎಸ್‌ಪ್ರೋಸೆಸ್ ಪ್ಲಗಿನ್ ಇದೆ. ನಾನು ಮಾತ್ರ ಸರಳ ದಾರಿ ಹಿಡಿದು, ಯೂನಿಟ್ ಕಡತದ ನಿಲ್ಲಿಸುವ ಸಾಲಿನಲ್ಲಿ ಸ್ಥಳೀಯ ಪೋರ್ಟೊಂದಕ್ಕೆ ಕರ್ಲ್‌ನಿಂದ ಕೋರಿಕೆ ಕಳುಹಿಸುತ್ತೇನೆ. ಅದು ಬಂದೊಡನೆ ಇಮೇಜ್ ಹೊಸ ಕೋರಿಕೆಗಳನ್ನು ನಿಲ್ಲಿಸಿ, ಕೈಯಲ್ಲಿರುವುದನ್ನು ಮುಗಿಸಿ, ಉಳಿಸದೆ ಹೊರಬೀಳುತ್ತದೆ. ಪ್ರೋಗ್ರಾಮನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್ ಬಳಸುವವರಿಗೆ ಇಲ್ಲಿ ಇನ್ನೊಂದು ತೊಡಕು ಕಾದಿದೆ: ಕಂಟೇನರಿನೊಳಗೆ ವಿಎಂ 1ನೇ ಸಂಖ್ಯೆಯ ಪ್ರೋಸೆಸ್ ಆಗಿದ್ದು, ಟರ್ಮ್‌ಗೆ ತನ್ನದೇ ಹ್ಯಾಂಡ್ಲರ್ ಹಾಕಿಕೊಂಡಿಲ್ಲದಿದ್ದರೆ ಕರ್ನೆಲ್ ಆ ಸಿಗ್ನಲನ್ನು ಕಡೆಗಣಿಸುತ್ತದೆ. 1ನೇ ಪ್ರೋಸೆಸ್ ಒಂದು ಶೆಲ್ ಸ್ಕ್ರಿಪ್ಟ್ ಆಗಿದ್ದರೂ ಸಿಗ್ನಲ್ ಅದು ಹುಟ್ಟಿಸಿದ ಪ್ರೋಸೆಸ್ಸಿನವರೆಗೆ ಹೋಗುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಡಾಕರ್ 10 ಸೆಕೆಂಡ್ ಕಾದು ಬಲವಂತವಾಗಿ ಕೊಲ್ಲುತ್ತದೆ. ಕಂಟೇನರ್ ಶುರುಮಾಡುವಾಗ 'ಇನಿಟ್' ಆಯ್ಕೆ ಕೊಟ್ಟರೆ ಟಿನಿ ಎಂಬ ಪುಟ್ಟ ಪ್ರೋಗ್ರಾಮ್ 1ನೇ ಸ್ಥಾನಕ್ಕೆ ಬಂದು ಸಿಗ್ನಲ್‌ಗಳನ್ನು ಮುಂದಕ್ಕೆ ದಾಟಿಸುತ್ತದೆ.

ಇಷ್ಟೆಲ್ಲ ಮಾಡಿ ಮನುಷ್ಯನನ್ನು ಹೊರಗಿಟ್ಟ ಮೇಲೂ, ಓಡುತ್ತಿರುವ ಇಮೇಜಿನ ಒಳಗೆ ಇಣುಕಿ ನೋಡುವ ಸುಖವನ್ನು ಪೂರ್ತಿ ಬಿಡಲು ನನಗೆ ಮನಸ್ಸಿಲ್ಲ. ಹಿಂದೆ ಆರ್‌ಎಫ್‌ಬಿ ಸರ್ವರನ್ನು ಇಮೇಜಿಗೆ ತುಂಬಿ, ವಿಎನ್‌ಸಿ ಮೂಲಕ ಪರದೆಯನ್ನೇ ದೂರದಿಂದ ತೆರೆಯುವ ರೂಢಿಯಿತ್ತು; ಈಗ ನಿಯೋಕನ್ಸೋಲ್‌ನಂಥ, ಒಂದೊಂದು ಸಾಲು ಬರೆದು ಉತ್ತರ ಪಡೆಯುವ ಚಿಕ್ಕ ಸಾಧನ ನನಗೆ ಸಾಕು. ಅದು ಲೂಪ್‌ಬ್ಯಾಕ್, ಅಂದರೆ ಆ ಯಂತ್ರದೊಳಗಿನಿಂದ ಮಾತ್ರ ಸಿಗುವ ವಿಳಾಸಕ್ಕೆ ಮಾತ್ರ ಕಟ್ಟಿಕೊಂಡಿರುತ್ತದೆ, ಎಸ್‌ಎಸ್‌ಎಚ್ ಸುರಂಗದ ಮೂಲಕವಲ್ಲದೆ ತಲುಪಲಾಗದು. ಇಂಥ ಪೋರ್ಟನ್ನು ಎಲ್ಲ ವಿಳಾಸಗಳಿಗೂ ತೆರೆದಿಡುವುದು ಕೀಲಿಕೈಯನ್ನು ಬೀಗದಲ್ಲೇ ಬಿಟ್ಟು ಜಾತ್ರೆಗೆ ಹೋದಂತೆ, ಏಕೆಂದರೆ ಸ್ಮಾಲ್‌ಟಾಕ್‌ನಲ್ಲಿ ಒಂದು ಸಾಲು ಬರೆಯಬಲ್ಲವನು ಏನನ್ನು ಬೇಕಾದರೂ ಮಾಡಬಲ್ಲ. ಝಿಂಕ್ ಸರ್ವರಿಗೂ ಇದೇ ಮಾತು ಅನ್ವಯ; ಹೇಳದಿದ್ದರೆ ಅದು ಎಲ್ಲ ವಿಳಾಸಗಳಲ್ಲಿಯೂ ಕಿವಿಗೊಡುತ್ತದೆ, ಕೋರಿಕೆಗಳನ್ನು ಮುಂದೆ ನಿಂತು ಹಂಚುವ ಎನ್‌ಜಿನ್ಎಕ್ಸ್ ವೆಬ್ ಸರ್ವರಿನ ಹಿಂದೆ ನಿಲ್ಲಿಸುವಾಗ ಲೂಪ್‌ಬ್ಯಾಕಿಗೆ ಕಟ್ಟಬೇಕು. ಕನ್ಸೋಲಿನಿಂದ ನಾನು ನೋಡುತ್ತೇನೆ, ಎಣಿಸುತ್ತೇನೆ, ಅಗತ್ಯಬಿದ್ದರೆ ಒಂದು ಒಳ ಪ್ರೋಸೆಸ್ಸನ್ನು ಮುಗಿಸುತ್ತೇನೆ. ಮೆಥಡ್ ತಿದ್ದುವುದಿಲ್ಲ. ತಿದ್ದಿದರೆ ಅದು ಮುಂದಿನ ಮರುಚಾಲನೆಯವರೆಗೆ ಮಾತ್ರ ಬದುಕುವ ತಿದ್ದುಪಡಿ. ಅದು ಇಲ್ಲವಾದ ಮೇಲೆ, ನಿನ್ನೆ ಸರಿಯಿದ್ದದ್ದು ಇಂದೇಕೆ ಕೆಟ್ಟಿತೆಂದು ಹುಡುಕಲು ಆಧಾರವೇ ಇರುವುದಿಲ್ಲ. ಕೋಡಿನ ಬದಲಾವಣೆಗಳನ್ನು ದಾಖಲಿಸುತ್ತ ಇಮೇಜಿನೊಂದಿಗೆ ಬರುವ ಚೇಂಜಸ್ ಕಡತಕ್ಕೂ ಆಗ ಕೆಲಸವಿಲ್ಲ. ಕಟ್ಟುವ ಹಂತದಲ್ಲೇ ಚೇಂಜಸ್ ಲಾಗ್ ನಿಲ್ಲಿಸುವ ಕ್ಲಾಸನ್ನು ಜಾರಿಗೊಳಿಸಿದರೆ, ಇಮೇಜ್ ಇರುವ ಕಡತಕೋಶವನ್ನು ಸೇವೆಯ ಬಳಕೆದಾರನಿಗೆ ಓದಲು ಮಾತ್ರ ಬಿಟ್ಟರೂ ಸಾಗುತ್ತದೆ.

ಹೊರೆ ಹೆಚ್ಚಾದಾಗ ಮೊದಲು ತಗಲುವ ಗೋಡೆ ಅನಿರೀಕ್ಷಿತವಾದದ್ದು. ಫಾರೋದ ಒಂದು ಸಾಕೆಟ್ ಮೂರು ಬಾಹ್ಯ ಸೆಮಾಫೋರ್‌ಗಳನ್ನು ಬಳಸುತ್ತದೆ. ವಿಎಂನಲ್ಲಿ ಅವುಗಳ ಕೋಷ್ಟಕ 256ಕ್ಕೆ ನಿಂತಿದ್ದರೆ, ನೂರು ಸಂಪರ್ಕಗಳು ಮುಟ್ಟುವ ಮೊದಲೇ ಜಾಗ ಮುಗಿಯುತ್ತದೆ. ಶುರು ಸ್ಕ್ರಿಪ್ಟಿನಲ್ಲಿ ಈ ಮಿತಿಯನ್ನು ಹಿಗ್ಗಿಸುವ ಒಂದು ಸಾಲು ಬರೆದಿಡುವುದು ಕ್ಷೇಮ. ಅದರಾಚೆಗೆ, ಒಂದು ಇಮೇಜ್ ಒಂದೇ ಸಿಪಿಯು ಕೋರ್ ಬಳಸುವುದರಿಂದ, ಬೆಳೆಯುವ ದಾರಿ ಇಮೇಜ್‌ಗಳ ಸಂಖ್ಯೆ ಹೆಚ್ಚಿಸುವುದೇ. ಸಿಸ್ಟಮ್‌ಡಿ ಟೆಂಪ್ಲೇಟ್ ಯೂನಿಟ್‌ಗಳಲ್ಲಿ ಹೆಸರಿನಲ್ಲಿ '@' ಚಿಹ್ನೆಯ ನಂತರ ಬರುವ ಭಾಗವನ್ನೇ ಪೋರ್ಟ್ ಸಂಖ್ಯೆಯಾಗಿ ಬಳಸಿದರೆ, ಒಂದೇ ಯೂನಿಟ್ ಕಡತದಿಂದ 8081, 8082 ಎಂದು ಬೇಕಾದಷ್ಟು ಪ್ರತಿಗಳು ಏಳುತ್ತವೆ. ಸೀಸೈಡ್ ಬಳಸುವವರು ಸೆಷನ್‌ಗಳು ಆಯಾ ಇಮೇಜಿನ ಮೆಮೊರಿಯಲ್ಲಿಯೇ ಇರುವುದರಿಂದ, ಬಳಕೆದಾರನನ್ನು ಪ್ರತಿ ಸಲವೂ ಅದೇ ಇಮೇಜಿಗೆ ಕಳುಹಿಸುವಂತೆ ಎನ್‌ಜಿನ್ಎಕ್ಸ್‌ಗೆ ಹೇಳಿಕೊಡಬೇಕು. ನನ್ನ ಸೇವೆಗೆ ಆ ಬಂಧನವಿಲ್ಲ. ಹೊಸ ಇಮೇಜ್ ಕಟ್ಟಿದಾಗ ಅದನ್ನು ತನ್ನದೇ ಕಡತಕೋಶದಲ್ಲಿಟ್ಟು, ಖಾಲಿಯಿರುವ ಪೋರ್ಟಿನಲ್ಲಿ ಎಬ್ಬಿಸಿ, ಆರೋಗ್ಯದ ಪುಟ ಉತ್ತರಿಸಿದ ಮೇಲೆ ಎನ್‌ಜಿನ್ಎಕ್ಸ್‌ನ ಪಟ್ಟಿ ಬದಲಿಸಿ ರೀಲೋಡ್ ಮಾಡಿ, ಕೊನೆಯಲ್ಲಿ ಹಳೆಯದಕ್ಕೆ ನಿಲ್ಲುವ ಕೋರಿಕೆ ಕಳುಹಿಸುತ್ತೇನೆ. ಹಳೆಯ ಕಡತಕೋಶವನ್ನು ಮಾತ್ರ ಮುಂದಿನ ಆವೃತ್ತಿ ಬರುವವರೆಗೆ ಅಳಿಸುವುದಿಲ್ಲ. ಹಿಂದಕ್ಕೆ ಹೋಗಬೇಕಾಗಿ ಬಂದರೆ ಅದೇ ಇಮೇಜ್, ಅದೇ ವಿಎಂ, ಅದೇ ಯೂನಿಟ್ ಕಡತ, ಇನ್ನೊಂದು ಪೋರ್ಟ್.